ಸಾಯದೆ ಉಳಿದ ಜೇಕು

ಕಂಪ್ಲಿಯಿಂದ ತುಂಗಭದ್ರೆಯ ಕಡೆಗೆ ಇಳಿಯುವ ಬಯಲಿನಲ್ಲಿ ಹೋದ ಮುಂಗಾರಿನ ಒಂದು ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಬಹಳ ಹೊತ್ತು ಕೂತಿದ್ದೆ. ನಾಟಿ ಮಾಡಿದ ಗದ್ದೆ ಅಲ್ಲ ಅದು, ಕೂರಿಗೆ ಭತ್ತ. ಬಿತ್ತಿ ನಲವತ್ತು ದಿನವಾಗಿತ್ತು, ಕಳೆನಾಶಕ ಹೊಡೆದು ಹದಿನೆಂಟು ದಿನ. ಸಾಲುಗಳ ನಡುವೆ ಊದಲು ಹುಲ್ಲು ಹಳದಿಗೆ ತಿರುಗಿ, ಸುಳಿ ಕೊಳೆತು, ನೆಲಕ್ಕೆ ಅಂಟಿಕೊಂಡಿತ್ತು. ಜೇಕಿನಲ್ಲೂ ಬಹುಪಾಲು ಸತ್ತಿತ್ತು. ಆದರೆ ಸತ್ತ ಒಂದು ಜೇಕಿನಿಂದ ಗೇಣು ದೂರದಲ್ಲಿ ಇನ್ನೊಂದು ಜೇಕು ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಕಿತ್ತು ನೋಡಿದೆ. ಬುಡದಲ್ಲಿ ಗೆಡ್ಡೆಯಿಲ್ಲ, ಬರೀ ಕೆಂಪು ಬೇರು. ಕಾಂಡವನ್ನು ಬೆರಳುಗಳ ನಡುವೆ ಹೊಸೆದರೆ ಮೂರು ಅಂಚು ಕೈಗೆ ಹತ್ತುತ್ತವೆ. ತುದಿಯಲ್ಲಿ ಕಡಲೆಕಾಳಿನಷ್ಟು ಗುಂಡಗಿನ ಹೂಗೊಂಚಲು ಆಗಲೇ ಕಟ್ಟಿತ್ತು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೈಪರಸ್ ಡಿಫಾರ್ಮಿಸ್. ಹೊಲಗಳಲ್ಲಿ ಗೆಡ್ಡೆ ಬಿಟ್ಟು ಕಾಡುವ ಜೇಕಿನ ತಂಗಿ. ಇದರ ಬಲವೆಲ್ಲ ಬೀಜದಲ್ಲಿದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಒಂದೊಂದೂ ಧೂಳಿನ ಕಣದಷ್ಟು.

ಕಸ ಕೀಳಲು ಬಂದಿದ್ದ ಹೆಣ್ಣುಮಗಳು ನನ್ನ ಕೈಯಲ್ಲಿದ್ದುದನ್ನು ನೋಡಿ ಹೇಳಿದಳು: "ಎಣ್ಣಿ ಹೊಡದ್ರೂ ಇದು ಸಾಯವಲ್ದು ಅಣ್ಣಾ. ಹೋದ ವರ್ಷ ಅಲ್ಲೊಂದು ಇಲ್ಲೊಂದು ಇತ್ತು. ಈ ವರ್ಷ ನೋಡ್ರಿ, ಮಡಿ ತುಂಬ ಐತಿ."

ಆಕೆ ಹೇಳಿದ ಆ ಮೂರು ವಾಕ್ಯಗಳಲ್ಲಿ ಒಂದು ದೊಡ್ಡ ವಿಷಯದ ಎಳೆ ಇದೆ. ಜಗತ್ತಿನ ಬೇಸಾಯ ಕಳೆದ ಐವತ್ತು ವರ್ಷಗಳಿಂದ ಎದುರಿಸುತ್ತಿರುವ, ನಮ್ಮ ಹೊಸಪೇಟೆ-ಕಂಪ್ಲಿ-ಗಂಗಾವತಿ ಬಯಲಿನ ಬಾಗಿಲಿಗೆ ಈಗ ಬಂದು ನಿಂತಿರುವ ಪ್ರಶ್ನೆ ಅದು. ಕಳೆನಾಶಕಕ್ಕೆ ಸಾಯದ ಕಳೆ ಹೇಗೆ ಹುಟ್ಟುತ್ತದೆ? ಒಂದು ಗದ್ದೆಯಿಂದ ಊರಿಗೆ, ಊರಿನಿಂದ ಸೀಮೆಗೆ ಹೇಗೆ ಹಬ್ಬುತ್ತದೆ?

ಮೊದಲು ಒಂದು ಎಚ್ಚರಿಕೆ ಬೇಕು. ಉಳಿದ ಕಳೆಯೆಲ್ಲ ನಿರೋಧಶಕ್ತಿ ಪಡೆದ ಕಳೆಯಲ್ಲ. ಎಣ್ಣೆ (ನಮ್ಮ ಕಡೆ ಕಳೆನಾಶಕಕ್ಕೆ ಹೀಗೆನ್ನುತ್ತಾರೆ) ಹತ್ತದಿರುವುದಕ್ಕೆ ನೂರು ಕಾರಣಗಳಿವೆ. ಎರಡರಿಂದ ನಾಲ್ಕು ಎಲೆ ಇರುವಾಗ ಹೊಡೆಯಬೇಕಾದ್ದನ್ನು ಆಳು ಸಿಗದೆ, ಪಂಪು ಸಿಗದೆ ಹತ್ತು ದಿನ ತಡವಾಗಿ ಹೊಡೆದರೆ ಬಲಿತ ಹುಲ್ಲು ಬದುಕುತ್ತದೆ. ಹೊಡೆದ ಎರಡು ಗಂಟೆಗೆ ಮಳೆ ಬಂದರೆ ಎಣ್ಣೆ ತೊಳೆದು ಹೋಗುತ್ತದೆ. ಕಾಲುವೆಯ ಕೆಂಪು ಕದಡು ನೀರಿನಲ್ಲಿ ಗ್ಲೈಫೋಸೇಟ್ ಕಲಸಿದರೆ ಅದು ಜೇಡಿಯ ಕಣಗಳಿಗೇ ಅಂಟಿಕೊಂಡು ಎಲೆಯ ಒಳಗೆ ಹೋಗುವುದೇ ಇಲ್ಲ. ಸಂಡೂರಿನ ಅದಿರು ಲಾರಿಗಳ ರಸ್ತೆಯ ಪಕ್ಕದ ಹೊಲಗಳಲ್ಲಿ ಎಲೆಗಳ ಮೇಲೆ ಬೆರಳಿಟ್ಟರೆ ಕೆಂಪು ಅಚ್ಚು ಬೀಳುತ್ತದೆ. ಆ ಧೂಳೂ ಇದೇ ಕೆಲಸ ಮಾಡುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಉಳಿದ ಕಳೆ ಪಟ್ಟಿಯಂತೆ ಉದ್ದಕ್ಕೆ ಇದ್ದರೆ ಪಂಪಿನವನ ಕೈ ತಪ್ಪಿದೆ ಎಂದು ಅರ್ಥ. ಎಲ್ಲ ಜಾತಿಯ ಕಳೆಯೂ ಉಳಿದಿದ್ದರೆ ಎಣ್ಣೆಯದೋ ನೀರಿನದೋ ಹೊತ್ತಿನದೋ ದೋಷ. ಆದರೆ ಬೇರೆ ಜಾತಿಗಳೆಲ್ಲ ಸತ್ತು, ಒಂದೇ ಜಾತಿ ಉಳಿದು, ಆ ಜಾತಿಯಲ್ಲೂ ಸತ್ತ ಗಿಡದ ಮಗ್ಗುಲಲ್ಲೇ ಬದುಕಿದ ಗಿಡವಿದ್ದು, ವರ್ಷದಿಂದ ವರ್ಷಕ್ಕೆ ಅಲ್ಲಲ್ಲಿ ತೇಪೆಯಂತೆ ಹೆಚ್ಚುತ್ತಿದ್ದರೆ ಸಂಶಯಪಡಬೇಕು. ಆ ಬೆಳಿಗ್ಗೆ ನಾನು ಕಂಡದ್ದು ಈ ಕೊನೆಯ ಚಿತ್ರ. ಸಂಶಯ ಖಚಿತವಾಗಬೇಕಾದರೆ ಬೀಜ ತಂದು ಕುಂಡದಲ್ಲಿ ಪರೀಕ್ಷಿಸಬೇಕು. ಆ ಮಾತು ಮುಂದೆ ಬರುತ್ತದೆ.

ರೈತರಲ್ಲಿ ಒಂದು ನಂಬಿಕೆ ಇದೆ: ಕುಡಿಯುತ್ತ ಕುಡಿಯುತ್ತ ಕಳೆಗೆ ಎಣ್ಣೆ ರೂಢಿಯಾಗಿಬಿಟ್ಟಿದೆ ಎಂದು. ಮನುಷ್ಯನಿಗೆ ಹೆಂಡ ರೂಢಿಯಾದಂತೆ. ನಡೆಯುವುದು ಹಾಗಲ್ಲ. ಸಾಯಬೇಕಾದ ಗಿಡ ಮೊದಲ ಸಲವೇ ಸಾಯುತ್ತದೆ, ಅದಕ್ಕೆ ಕಲಿಯಲು ಸಮಯವಿಲ್ಲ. ಬದುಕಿದ ಗಿಡ ಎಣ್ಣೆ ಕಾಣುವ ಮೊದಲೇ ಬೇರೆಯಾಗಿತ್ತು. ಲಕ್ಷಾಂತರ ಗಿಡಗಳಲ್ಲಿ ಯಾವುದೋ ಒಂದರ ವಂಶವಾಹಿಯಲ್ಲಿ ಆಕಸ್ಮಿಕವಾಗಿ ಒಂದು ಅಕ್ಷರ ಬದಲಾಗಿತ್ತು. ಎಣ್ಣೆ ಮಾಡಿದ್ದು ಇಷ್ಟೇ: ಉಳಿದವರನ್ನೆಲ್ಲ ತೆಗೆದು ಇಡೀ ಗದ್ದೆಯನ್ನು ಆ ಒಂದಕ್ಕೆ ಬಿಟ್ಟುಕೊಟ್ಟಿತು.

ಆಸ್ಟ್ರೇಲಿಯಾದ ವಿಜ್ಞಾನಿಗಳು ಕಳೆನಾಶಕವನ್ನೇ ಕಾಣದ ರೈಗ್ರಾಸ್ ಹುಲ್ಲಿನಲ್ಲಿ ಇಂಥ ಗಿಡಗಳನ್ನು ಹುಡುಕಿದರು. ಒಂದು ಗುಂಪಿನ ಕಳೆನಾಶಕಗಳನ್ನು ತಾಳುವ ಗಿಡಗಳು ಸರಿಸುಮಾರು 10,000ಕ್ಕೆ ಒಂದರಿಂದ 50,000ಕ್ಕೆ ಒಂದರ ಆಸುಪಾಸಿನಲ್ಲಿ ಸಿಕ್ಕವು. ಈ ಲೆಕ್ಕವನ್ನು ನಮ್ಮ ಗದ್ದೆಗೆ ತಂದು ನೋಡೋಣ. ಎಕರೆಗೆ 4,000 ಚದರ ಮೀಟರ್. ಮೀಟರಿಗೆ ಐವತ್ತು ಜೇಕಿನ ಸಸಿ ಎಂದರೆ ಎಕರೆಗೆ ಎರಡು ಲಕ್ಷ. 50,000ಕ್ಕೆ ಒಂದು ಎಂದರೆ ನಾಲ್ಕು ಗಿಡ ಮಾತ್ರ ಬದುಕುತ್ತವೆ. ನಾಲ್ಕು ಗಿಡವನ್ನು ಯಾವ ರೈತನೂ ನೋಡುವುದಿಲ್ಲ. ಗದ್ದೆ ಸ್ವಚ್ಛವಾಗಿದೆ ಎಂದು ಸಂತೋಷಪಡುತ್ತಾನೆ. ಒಂದೊಂದೂ ಸಾವಿರ ಬೀಜ ಚೆಲ್ಲಿ, ನೂರಕ್ಕೆ ಒಂದು ಮೊಳೆತು ಬೆಳೆಯಿತು ಎನ್ನಿ. ಮುಂದಿನ ಬೆಳೆಗೆ ನಲವತ್ತು. ಆಮೇಲೆ ನಾನೂರು. ನಾಲ್ಕನೆಯ ಬೆಳೆಗೆ ನಾಲ್ಕು ಸಾವಿರ, ಅಂದರೆ ಮೀಟರಿಗೆ ಒಂದು. ಆಗ ಕಸ ಕೀಳುವವಳ ಕಣ್ಣಿಗೆ "ಅಲ್ಲೊಂದು ಇಲ್ಲೊಂದು" ಬೀಳುತ್ತದೆ. ಐದನೆಯ ಬೆಳೆಗೆ ನಲವತ್ತು ಸಾವಿರ: "ಮಡಿ ತುಂಬ ಐತಿ." ವರ್ಷಕ್ಕೆ ಎರಡು ಬೆಳೆ ಭತ್ತ ಬೆಳೆಯುವ ಕಡೆ ಐದು ಬೆಳೆ ಎಂದರೆ ಎರಡೂವರೆ ವರ್ಷ. ನಾನು ಊಹಿಸಿಕೊಂಡ ಅಂಕಿಗಳಿವು, ಗದ್ದೆಯಿಂದ ಗದ್ದೆಗೆ ಬದಲಾಗುತ್ತವೆ. ಆದರೆ ರೇಖೆಯ ಸ್ವರೂಪ ಮಾತ್ರ ಇದೇ. ಬಹಳ ಕಾಲ ಏನೂ ಕಾಣುವುದಿಲ್ಲ, ಕಂಡ ಮೇಲೆ ಕಾಲ ಉಳಿದಿರುವುದಿಲ್ಲ.

ಗಿಡ ಬದುಕುವ ಬಗೆಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದನ್ನು ಭತ್ತದ ಎಣ್ಣೆಯಿಂದಲೇ ವಿವರಿಸಬಹುದು. ಬಿಸ್‌ಪೈರಿಬ್ಯಾಕ್ ಸೋಡಿಯಂ ಎಂಬ ಔಷಧಿ ಗಿಡದೊಳಗಿನ ಎಎಲ್‌ಎಸ್ ಎಂಬ ಒಂದು ಕಿಣ್ವಕ್ಕೆ ಹೋಗಿ ಕೂರುತ್ತದೆ. ಗಿಡಕ್ಕೆ ಬೇಕಾದ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳು ಆ ಕಿಣ್ವವಿಲ್ಲದೆ ತಯಾರಾಗುವುದಿಲ್ಲ. ಅಡುಗೆಮನೆಯ ಒಲೆ ಕೆಟ್ಟಂತೆ ಗಿಡ ನಿಧಾನವಾಗಿ ಹಸಿದು ಸಾಯುತ್ತದೆ. ಆ ಕಿಣ್ವದಲ್ಲಿ ಕನಿಷ್ಠ ಎಂಟು ಆಯಕಟ್ಟಿನ ಜಾಗಗಳಿವೆ. ಅವುಗಳಲ್ಲಿ ಯಾವುದೇ ಒಂದು ಜಾಗದ ಅಮೈನೋ ಆಮ್ಲ ಬದಲಾದರೂ ಔಷಧಿಗೆ ಕೂರಲು ಎಡೆ ಸಿಗದಂತಾಗಬಹುದು, ಕಿಣ್ವ ಮಾತ್ರ ತನ್ನ ಕೆಲಸ ಮಾಡಿಕೊಂಡು ಹೋಗುತ್ತದೆ. ಇಷ್ಟು ಸಣ್ಣ ಬದಲಾವಣೆ ಸಾಕಾಗುವುದರಿಂದಲೇ ಈ ಗುಂಪಿನ ಕಳೆನಾಶಕಗಳಿಗೆ ನಿರೋಧ ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ಹೆಚ್ಚು ಜಾತಿಗಳಲ್ಲಿ ಹುಟ್ಟಿದೆ. ಇನ್ನೂ ಒಂದು ಕಷ್ಟವಿದೆ. ಅಟ್ರಜಿನ್ ತಾಳುವ ಗಿಡಗಳು ಆ ಗುಣಕ್ಕೆ ಬೆಲೆ ತೆರುತ್ತವೆ, ಅವುಗಳ ದ್ಯುತಿಸಂಶ್ಲೇಷಣೆ ಕುಂದುತ್ತದೆ. ಔಷಧಿ ನಿಲ್ಲಿಸಿದರೆ ಮಾಮೂಲಿ ಗಿಡಗಳ ಮುಂದೆ ಹಿಂದೆ ಬೀಳುತ್ತವೆ. ಎಎಲ್‌ಎಸ್ ಬದಲಾದ ಗಿಡಕ್ಕೆ ಬಹುಮಟ್ಟಿಗೆ ಆ ನಷ್ಟವಿಲ್ಲ. ನಾಲ್ಕು ವರ್ಷ ಎಣ್ಣೆ ನಿಲ್ಲಿಸಿ ಮತ್ತೆ ಹೊಡೆದರೂ ಅದು ಅಲ್ಲೇ ಇರುತ್ತದೆ.

ಇದೇ ಬಗೆಯಲ್ಲಿ ಇನ್ನೊಂದು ದಾರಿಯೂ ಉಂಟು. ಅಮೆರಿಕದ ಜಾರ್ಜಿಯಾ ರಾಜ್ಯದ ಹತ್ತಿ ಹೊಲಗಳಲ್ಲಿ 2004ರ ಹೊತ್ತಿಗೆ ಗ್ಲೈಫೋಸೇಟಿಗೆ ಸಾಯದ ಪಾಮರ್ ಅಮರಾಂತ್ ಕಾಣಿಸಿತು. ನಮ್ಮ ದಂಟು, ರಾಜಗಿರಿ ಸೊಪ್ಪಿನ ಬಳಗದ ಗಿಡ ಅದು, ಆಳೆತ್ತರ ಬೆಳೆಯುತ್ತದೆ. ಆ ಗಿಡ ಗ್ಲೈಫೋಸೇಟ್ ಹೋಗಿ ಹಿಡಿಯುವ ಕಿಣ್ವದ ವಂಶವಾಹಿಯನ್ನು ಬದಲಿಸಿಕೊಂಡಿರಲಿಲ್ಲ, ಅದರ ಪ್ರತಿಗಳನ್ನು ಹೆಚ್ಚಿಸಿಕೊಂಡಿತ್ತು. ಕೆಲವು ಗಿಡಗಳಲ್ಲಿ ನೂರಕ್ಕೂ ಮಿಕ್ಕಿ ಪ್ರತಿಗಳಿವೆ ಎಂದು 2010ರಲ್ಲಿ ಗೊತ್ತಾಯಿತು. ಔಷಧಿ ಎಷ್ಟೆಂದು ಹಿಡಿದೀತು?

ಎರಡನೆಯ ಬಗೆ ನನ್ನನ್ನು ಹೆಚ್ಚು ಕಂಗೆಡಿಸುತ್ತದೆ. ಗಿಡ ಔಷಧಿಯನ್ನೇ ಒಡೆದು ಜೀರ್ಣಿಸಿಕೊಳ್ಳುತ್ತದೆ. ಭತ್ತದ ಗಿಡ ಬಿಸ್‌ಪೈರಿಬ್ಯಾಕಿಗೆ ಸಾಯದಿರುವುದೂ ಹೀಗೆಯೇ. ಸೈಟೋಕ್ರೋಮ್ ಪಿ-450 ಎಂಬ ಕಿಣ್ವಗಳ ಕುಟುಂಬ ವಿಷವನ್ನು ತುಂಡರಿಸುತ್ತದೆ. ಕಳೆ ಅದೇ ಶಕ್ತಿಯನ್ನು ಹೆಚ್ಚಿಸಿಕೊಂಡರೆ ಒಂದು ಔಷಧಿಯಲ್ಲ, ತನ್ನ ವಂಶ ಕಾಣದ ಔಷಧಿಯನ್ನೂ ತಾಳಬಲ್ಲದು. ಕ್ಯಾಲಿಫೋರ್ನಿಯಾದ ಭತ್ತದ ಗದ್ದೆಗಳಲ್ಲಿ ಊದಲು ಹುಲ್ಲಿನ ಒಂದು ಪ್ರಭೇದ ಹೀಗೆಯೇ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಗುಂಪಿನ ಕಳೆನಾಶಕಗಳನ್ನು ಒಟ್ಟಿಗೆ ತಾಳಿತು. ಮತ್ತು ಈ ಬಗೆಯ ಶಕ್ತಿ ಕೂಡುವುದು ಅರೆಬರೆ ಪ್ರಮಾಣದ ಎಣ್ಣೆಯಿಂದ. ಪೂರ್ತಿ ಪ್ರಮಾಣಕ್ಕೆ ಸಾಯುತ್ತಿದ್ದ ಗಿಡ ಅರ್ಧ ಪ್ರಮಾಣಕ್ಕೆ ಬಾಡಿ ಚೇತರಿಸಿಕೊಳ್ಳುತ್ತದೆ, ಬೀಜ ಕಟ್ಟುತ್ತದೆ. ಹಾಗೆ ಚೇತರಿಸಿಕೊಂಡ ಎರಡು ಗಿಡಗಳ ಮಕ್ಕಳಲ್ಲಿ ಶಕ್ತಿ ಕೂಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಪ್ರಯೋಗಗಳಲ್ಲಿ ರೈಗ್ರಾಸ್ ಇದನ್ನು ಕೆಲವೇ ತಲೆಮಾರುಗಳಲ್ಲಿ ಮಾಡಿ ತೋರಿಸಿದೆ. ಮುಚ್ಚಳದ ಲೆಕ್ಕದಲ್ಲಿ ಎಣ್ಣೆ ಸುರಿದು, ಎಕರೆಗೆ ಹತ್ತು ಕ್ಯಾನ್ ಹೊಡೆಯಬೇಕಾದಲ್ಲಿ ಆರಕ್ಕೇ ಮುಗಿಸುವ ನಮ್ಮ ರೂಢಿಯನ್ನು ಈ ಬೆಳಕಿನಲ್ಲಿ ನೋಡಬೇಕು.

ಇದರ ಚರಿತ್ರೆ ಹಳೆಯದು. 2,4-ಡಿ ಮಾರುಕಟ್ಟೆಗೆ ಬಂದದ್ದು 1940ರ ದಶಕದಲ್ಲಿ. 1957ರಲ್ಲೇ ಹವಾಯಿಯ ಕಬ್ಬಿನ ಹೊಲದ ಕನ್ನೆಸೊಪ್ಪಿನ ಜಾತಿಯ ಗಿಡದಲ್ಲೂ ಕೆನಡಾದ ಕಾಡು ಗಜ್ಜರಿಯಲ್ಲೂ ಅದನ್ನು ತಾಳುವ ಗುಣ ವರದಿಯಾಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಸಿತೋಟದಲ್ಲಿ ಸಿಮಾಜಿನ್‌ಗೆ ಸಾಯದ ಗ್ರೌಂಡ್‌ಸೆಲ್ ಗಿಡದ ಸುದ್ದಿ 1970ರಲ್ಲಿ ಬಂದಾಗ ಜಗತ್ತು ಎಚ್ಚೆತ್ತಿತು. ಗ್ಲೈಫೋಸೇಟಿಗೆ ನಿರೋಧ ಹುಟ್ಟುವುದೇ ಇಲ್ಲ ಎಂದು ಬಹಳ ಮಂದಿ ನಂಬಿದ್ದರು. 1996ರಲ್ಲಿ ಆಸ್ಟ್ರೇಲಿಯಾದ ರೈಗ್ರಾಸ್ ಆ ನಂಬಿಕೆಯನ್ನು ಮುರಿಯಿತು, ಮರುವರ್ಷ ಮಲೇಶಿಯಾದಲ್ಲಿ ಎಲ್ಯೂಸಿನ್ ಇಂಡಿಕಾ ಎಂಬ ಹುಲ್ಲು. ಈ ಎರಡನೆಯದು ನಮಗೆ ಪರಕೀಯವಲ್ಲ. ರಾಗಿಯ ದಾಯಾದಿ, ನಮ್ಮ ಹೊಲದ ಬದುಗಳ ಕಾಡುರಾಗಿ. ಇಂದು ಒಂದಲ್ಲ ಒಂದು ಕಳೆನಾಶಕಕ್ಕೆ ಸಾಯದ ಕಳೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 260ಕ್ಕೂ ಹೆಚ್ಚು ಪ್ರಭೇದಗಳಿವೆ.

ಭಾರತದ ಪಾಠ ಹರಿಯಾಣದಲ್ಲಿ ಬರೆಯಲ್ಪಟ್ಟಿತು, ಅದನ್ನು ನಮ್ಮ ಪ್ರತಿ ಕೃಷಿ ಮೇಳದಲ್ಲೂ ಹೇಳಬೇಕು. ಹಸಿರು ಕ್ರಾಂತಿಯ ಕುಳ್ಳ ಗೋಧಿಯ ಜೊತೆ ಫಲಾರಿಸ್ ಮೈನರ್ ಎಂಬ ಹುಲ್ಲೂ ಅಲ್ಲಿ ಬೆಳೆಯಿತು. ಅಲ್ಲಿಯ ರೈತರು ಅದನ್ನು ಗುಲ್ಲಿ ಡಂಡಾ ಎಂದು ಕರೆಯುತ್ತಾರೆ, ನಮ್ಮ ಚಿಣ್ಣಿದಾಂಡು ಆಟದ ಹೆಸರು. 1970ರ ದಶಕದ ಕೊನೆಗೆ ಐಸೋಪ್ರೊಟುರಾನ್ ಬಂತು, ಅಗ್ಗವಾಗಿತ್ತು, ಚೆನ್ನಾಗಿ ಕೊಲ್ಲುತ್ತಿತ್ತು. ಭತ್ತ-ಗೋಧಿ, ಭತ್ತ-ಗೋಧಿ ಎಂದು ಬೇರೆ ಬೆಳೆಯಿಲ್ಲದೆ ಹತ್ತು ಹದಿನೈದು ವರ್ಷ ಅದೊಂದನ್ನೇ ಹೊಡೆದರು. 1990ರ ದಶಕದ ಮೊದಲ ವರ್ಷಗಳಲ್ಲಿ ಹುಲ್ಲು ಸಾಯುವುದು ನಿಂತಿತು. ಹಿಸ್ಸಾರಿನ ಕೃಷಿ ವಿಶ್ವವಿದ್ಯಾಲಯದ ಆರ್. ಕೆ. ಮಲಿಕ್ ಮತ್ತು ಸಮುಂದರ್ ಸಿಂಗ್ ಇದು ಎಣ್ಣೆಯ ಕಲಬೆರಕೆಯಲ್ಲ, ನಿರೋಧಶಕ್ತಿ ಎಂದು ದಾಖಲಿಸಿದರು. ಹುಲ್ಲು ಮುಚ್ಚಿದ ಕಡೆ ರೈತರು ತೆನೆಗೆ ಕಾಯದೆ ಗೋಧಿಯನ್ನು ಹಸಿಯಾಗಿಯೇ ಕೊಯ್ದು ದನಕ್ಕೆ ಹಾಕಿದರು. 1990ರ ದಶಕದ ಕೊನೆಗೆ ಕ್ಲೋಡಿನಾಫಾಪ್, ಸಲ್ಫೋಸಲ್ಫ್ಯುರಾನ್ ಮುಂತಾದ ಹೊಸ ಔಷಧಿಗಳು ಬಂದವು. ಸ್ವಲ್ಪ ವರ್ಷಗಳಲ್ಲಿ ಹುಲ್ಲು ಅವನ್ನೂ ತಾಳತೊಡಗಿತು. ಒಂದು ಔಷಧಿ ಸೋತಾಗ ಅದರ ಜಾಗಕ್ಕೆ ಇನ್ನೊಂದನ್ನು ಒಂಟಿಯಾಗಿ ತಂದು ನಿಲ್ಲಿಸಿದ್ದೇ ಅಲ್ಲಿ ಆದ ತಪ್ಪು ಎಂದು ನನಗನಿಸುತ್ತದೆ.

ಭತ್ತದ ಸುದ್ದಿ 2021ರಲ್ಲಿ ಬಂತು. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು ಛತ್ತೀಸ್‌ಗಢ ಮತ್ತು ಕೇರಳದ ಗದ್ದೆಗಳ ಸೈಪರಸ್ ಡಿಫಾರ್ಮಿಸ್ ಬಿಸ್‌ಪೈರಿಬ್ಯಾಕಿಗೆ ಸಾಯುತ್ತಿಲ್ಲ ಎಂದು ಪ್ರಕಟಿಸಿದರು. ಭಾರತದ ಭತ್ತದಲ್ಲಿ ಈ ಗುಂಪಿನ ಔಷಧಿಗೆ ದಾಖಲಾದ ಮೊದಲ ಪ್ರಕರಣ ಅದು. ಆಮೇಲೆ ಊದಲು ಹುಲ್ಲಿನಲ್ಲೂ ಇಂಥದೇ ವರದಿ ಬಂತು. ಕ್ಯಾಲಿಫೋರ್ನಿಯಾದಲ್ಲಿ ಇದೇ ಜೇಕು ಇದೇ ಗುಂಪಿನ ಬೆನ್‌ಸಲ್ಫ್ಯುರಾನ್ ಎಂಬ ಔಷಧಿಯನ್ನು, ಅದು ಬಳಕೆಗೆ ಬಂದ ನಾಲ್ಕೈದು ವರ್ಷಗಳಲ್ಲೇ, 1990ರ ದಶಕದ ಆರಂಭದಲ್ಲಿ ಜಯಿಸಿತ್ತು. ಅದೇ ಗಿಡ, ಅದೇ ಕಿಣ್ವ, ಮೂವತ್ತು ವರ್ಷಗಳ ಅಂತರ.

ಕಂಪ್ಲಿಯ ಆ ಒಂದು ಜೇಕು ನನ್ನ ನಿದ್ದೆ ಕೆಡಿಸಿದ್ದು ಇದಕ್ಕೇ. ಗಿಡ ಅದೇ, ಔಷಧಿ ಅದೇ, ಬೇಸಾಯದ ಕ್ರಮವೂ ಅದೇ.

ತುಂಗಭದ್ರೆಯ ನೀರಾವರಿಗೆ ಎರಡು ಕಾಲಗಳಿವೆ. ಹಂಪಿಯ ಕಲ್ಲುಬಂಡೆಗಳ ನಡುವೆ ನುಸುಳಿ ಹರಿಯುವ ತುರ್ತು ಕಾಲುವೆ, ಹೊಸಪೇಟೆಯ ಪಕ್ಕದ ರಾಯ ಮತ್ತು ಬಸವ ಕಾಲುವೆಗಳು, ಕಂಪ್ಲಿ ಕಾಲುವೆ — ಇವೆಲ್ಲ ವಿಜಯನಗರದ ಅರಸರ ಕಾಲದವು, ಇಂದಿಗೂ ನೀರು ಹರಿಸುತ್ತವೆ. ಅವುಗಳ ಬಯಲಿನಲ್ಲಿ ಭತ್ತ, ಕಬ್ಬು, ಬಾಳೆ, ತೆಂಗು ಒಂದರ ಪಕ್ಕ ಒಂದು ಇರುತ್ತಿದ್ದವು. ಕಮಲಾಪುರದ ಸುತ್ತ ಬಾಳೆ ತೆಗೆದ ಮೇಲೆ ಗದ್ದೆ, ಗದ್ದೆಯ ಮೇಲೆ ಕಬ್ಬು ಎಂದು ನೆಲ ಬೆಳೆ ಬದಲಿಸುತ್ತಿತ್ತು. ಎರಡನೆಯ ಕಾಲ ಮಲ್ಲಾಪುರದ ಬಳಿ ಕಟ್ಟಿದ ಅಣೆಕಟ್ಟಿನದು, 1953ರಿಂದ ಈಚಿನದು. ಆ ಯೋಜನೆಯ ಬಹುಪಾಲು ನೆಲವನ್ನು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆಗೆಂದು ಗುರುತಿಸಲಾಗಿತ್ತು. ನೀರು ಸಿಕ್ಕಲ್ಲೆಲ್ಲ ಭತ್ತ ಬಂತು. ಸೋನಾ ಮಸೂರಿ ಈ ಸೀಮೆಯ ಹೆಸರೇ ಆಯಿತು. ವರ್ಷಕ್ಕೆ ಎರಡು ಸಲ ಅದೇ ಬೆಳೆ, ಅದೇ ಕಳೆ.

ನಾಟಿ ಗದ್ದೆಯಲ್ಲಿ ನೀರೇ ದೊಡ್ಡ ಕಳೆನಾಶಕ. ನಿಂತ ನೀರಿನ ಕೆಳಗಿಂದ ಊದಲಿನ ಸಸಿ ಸುಲಭವಾಗಿ ಮೇಲೇಳಲಾರದು, ಆ ಹೊತ್ತಿಗೆ ಭತ್ತದ ಸಸಿಗೆ ಇಪ್ಪತ್ತೈದು ದಿನದ ಮುನ್ನಡೆ ಇರುತ್ತದೆ. ಕೂರಿಗೆ ಭತ್ತದಲ್ಲಿ ಈ ಎರಡೂ ಇಲ್ಲ. ಕಳೆ, ಬೆಳೆ ಒಂದೇ ದಿನ ಮೊಳೆಯುತ್ತವೆ. ಹಾಗೆಂದು ಕೂರಿಗೆ ಭತ್ತವನ್ನು ನಾನು ದೂರುವುದಿಲ್ಲ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೋ ತಿಳಿಯದ ಕೊನೆ ಭಾಗದ ರೈತನಿಗೆ, ನಾಟಿಗೆ ಆಳು ಸಿಗದವನಿಗೆ ಅದು ಅನ್ನದ ದಾರಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋಗಿ ಕಣ್ಣೆದುರೇ ನೀರು ನದಿಗೆ ಹರಿದುಹೋದಾಗ ಈ ಬಯಲಿನ ಪ್ರತಿ ಮನೆಯಲ್ಲೂ ಸಂಕಟವಿತ್ತು. ನೀರಿನ ಭರವಸೆ ಕಡಿಮೆಯಾದಷ್ಟೂ ಕೂರಿಗೆ ಹೆಚ್ಚುತ್ತದೆ, ಕೂರಿಗೆ ಹೆಚ್ಚಿದಷ್ಟೂ ಎಣ್ಣೆಯ ಮೇಲಿನ ಭಾರ ಹೆಚ್ಚುತ್ತದೆ. ಇದರ ಮೇಲೆ ಗುತ್ತಿಗೆ ಬೇಸಾಯ. ಒಂದು ವರ್ಷಕ್ಕೆ ನೆಲ ಹಿಡಿದವನು ಐದನೆಯ ವರ್ಷದ ಕಳೆಯ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಮುಂಗಡ ಕೊಟ್ಟು, ಬಡ್ಡಿಗೆ ತಂದು ಬಿತ್ತಿರುತ್ತಾನೆ.

ಇನ್ನು ಗೊಬ್ಬರದ ಅಂಗಡಿ. ನಾನು ಒಂದು ಸಂಜೆ ಅಂಗಡಿಯ ಹಲಗೆಯ ಮೇಲಿದ್ದ ಭತ್ತದ ಕಳೆನಾಶಕಗಳ ಡಬ್ಬಗಳನ್ನು ಒಂದೊಂದಾಗಿ ತಿರುಗಿಸಿ ಓದಿದೆ. ಹೆಸರು ಬೇರೆ, ಬಣ್ಣ ಬೇರೆ, ಕಂಪನಿ ಬೇರೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಸಾಲು ಸಾಲಾಗಿ ಬಿಸ್‌ಪೈರಿಬ್ಯಾಕ್ ಸೋಡಿಯಂ, ಬಿಸ್‌ಪೈರಿಬ್ಯಾಕ್ ಸೋಡಿಯಂ. "ಈ ಸಲ ಎಣ್ಣೆ ಬದಲಿಸಿದ್ದೇನೆ" ಎಂದು ರೈತ ಹೇಳಿದಾಗ ಅವನು ಎಷ್ಟೋ ಸಲ ಬದಲಿಸಿರುವುದು ಡಬ್ಬವನ್ನು. ನಿಜವಾಗಿಯೂ ಬೇರೆ ಔಷಧಿ ಕೊಂಡರೂ ಸಂಕಟ ತಪ್ಪುವುದಿಲ್ಲ. ಪೆನಾಕ್ಸುಲಾಮ್, ಪೈರಾಜೋಸಲ್ಫ್ಯುರಾನ್, ಬೆನ್‌ಸಲ್ಫ್ಯುರಾನ್, ಮೆಟ್‌ಸಲ್ಫ್ಯುರಾನ್, ಕ್ಲೋರಿಮ್ಯುರಾನ್ — ಇವೆಲ್ಲ ಹೋಗಿ ಹಿಡಿಯುವುದು ಅದೇ ಎಎಲ್‌ಎಸ್ ಕಿಣ್ವವನ್ನು. ಬೆಳೆ ಬದಲಿಸಿ ಶೇಂಗಾ ಹಾಕಿ ಇಮಾಜೆಥಾಪೈರ್ ಹೊಡೆದರೆ ಅದೂ ಅದೇ ಗುಂಪು. ಗುಂಪು ಬದಲಾಗಬೇಕಾದರೆ ಪ್ರೆಟಿಲಾಕ್ಲೋರ್, ಪೆಂಡಿಮೆಥಾಲಿನ್, ಸೈಹಾಲೊಫಾಪ್, 2,4-ಡಿ ಇಂಥವುಗಳ ಕಡೆ ಹೋಗಬೇಕು. ಇವು ನಾಲ್ಕೂ ನಾಲ್ಕು ಬೇರೆ ಬೇರೆ ಕಡೆ ಪೆಟ್ಟು ಕೊಡುತ್ತವೆ. ಇವುಗಳಲ್ಲಿ ಸೈಹಾಲೊಫಾಪ್ ಹುಲ್ಲಿಗೆ ಮಾತ್ರ, ಜೇಕಿಗೆ ತಾಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಇದನ್ನೆಲ್ಲ ರೈತ ನೆನಪಿಟ್ಟುಕೊಳ್ಳಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಆಸ್ಟ್ರೇಲಿಯಾದಲ್ಲಿ ಪ್ರತಿ ಡಬ್ಬದ ಮೇಲೂ ಕಳೆನಾಶಕದ ಗುಂಪನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ನಮ್ಮ ಡಬ್ಬಗಳ ಮೇಲೆ ವಿಷದ ಮಟ್ಟ ಹೇಳುವ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇದೆಯಲ್ಲ, ಅದರ ಪಕ್ಕದಲ್ಲಿ ಗುಂಪಿನ ಒಂದು ಅಂಕಿಯನ್ನೂ ದೊಡ್ಡದಾಗಿ ಹಾಕಿಸಬೇಕು. ಓದು ಬಾರದವರೂ ಅಂಕಿ ಗುರುತಿಸುತ್ತಾರೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಇನ್ನೊಂದು ಕ್ರಮ ನನಗೆ ತೋಚುವುದಿಲ್ಲ.

ಹುಟ್ಟಿದ ಮೇಲೆ ಹಬ್ಬುವ ಮಾತು. ನಿರೋಧಗುಣ ಹಬ್ಬುವುದು ಪರಾಗದಿಂದ ಮತ್ತು ಬೀಜದಿಂದ. ಪಾಮರ್ ಅಮರಾಂತಿನಂಥ ಗಂಡು-ಹೆಣ್ಣು ಬೇರೆಯಿರುವ ಗಿಡಗಳಲ್ಲಿ ಗಾಳಿಯ ಪರಾಗವೇ ದೂರದ ಹೊಲಗಳಿಗೆ ಗುಣವನ್ನು ಒಯ್ಯುತ್ತದೆ. ನಮ್ಮ ಊದಲು ಹುಲ್ಲು ಬಹುಮಟ್ಟಿಗೆ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಅದರ ವಾಹನ ಬೀಜ. ಬೀಜಕ್ಕೆ ನಾವು ಕೊಟ್ಟಿರುವ ವಾಹನಗಳೋ ಒಂದೆರಡಲ್ಲ. ಒಂದು ಊರಿನ ಗದ್ದೆಯಲ್ಲಿ ಬೆಳಿಗ್ಗೆ ಕೊಯ್ದ ಯಂತ್ರ ಸಂಜೆ ಇನ್ನೊಂದು ಊರಿನಲ್ಲಿರುತ್ತದೆ, ಅದರ ಜರಡಿಯಲ್ಲಿ, ಪಟ್ಟಿಗಳ ಸಂದಿನಲ್ಲಿ ಹಿಂದಿನ ಗದ್ದೆಯ ಬೀಜ ಕೂತಿರುತ್ತದೆ. ಟ್ರ್ಯಾಕ್ಟರಿನ ಕೇಜ್‌ವೀಲಿಗೆ ಹತ್ತಿದ ಕೆಸರು ಮುಂದಿನ ಗದ್ದೆಯಲ್ಲಿ ಕಳಚುತ್ತದೆ. ಮನೆಯಲ್ಲಿ ಇಟ್ಟುಕೊಂಡ ಬೀಜದ ಭತ್ತದಲ್ಲಿ ಊದಲು ಸೇರಿರುತ್ತದೆ. ಕುರಿ ತರುಬಿದಾಗ ಹಿಕ್ಕೆಯ ಜೊತೆ, ದನದ ಸಗಣಿ ಕೊಳೆಯುವ ಮೊದಲೇ ಚೆಲ್ಲಿದ ತಿಪ್ಪೆಗೊಬ್ಬರದ ಜೊತೆ ಬೀಜ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ವಾಹನ ನೀರು. ಜೇಕಿನ ಧೂಳಿನಂಥ ಬೀಜ ತೇಲುತ್ತದೆ. ಮೇಲಿನ ಮಡಿಯಿಂದ ಕೆಳಗಿನ ಮಡಿಗೆ, ಕೆಳಗಿನ ಮಡಿಯಿಂದ ಹಳ್ಳಕ್ಕೆ, 'ಬಸಿ' ನೀರನ್ನೇ ಎತ್ತಿ ಕಟ್ಟುವ ಮುಂದಿನ ಊರಿನ ಗದ್ದೆಗೆ ಅದು ಹೋಗುತ್ತದೆ. ಐದಾರು ನೂರು ವರ್ಷದ ಹಿಂದಿನ ಕಾಲುವೆಯನ್ನು ಇಂದಿಗೂ ಉಳಿಸಿರುವುದು ಹೂಳೆತ್ತುವ, ಸರದಿಯಲ್ಲಿ ನೀರು ಬಿಡುವ ಒಟ್ಟುಗೂಡಿದ ಕೆಲಸ. ಒಬ್ಬನೇ ರೈತ ಕಾಲುವೆಯನ್ನು ಕಾಪಾಡಲಾರ. ಕಳೆನಾಶಕ ಕೆಲಸ ಮಾಡುವ ಗುಣವೂ ಹಾಗೆಯೇ ಒಟ್ಟಾರೆಯ ಸ್ವತ್ತು ಎಂದು ನಾನು ತಿಳಿಯುತ್ತೇನೆ. ಮೇಲಿನ ಗದ್ದೆಯವನು ಉಳಿದ ಜೇಕನ್ನು ಬೀಜ ಕಟ್ಟಲು ಬಿಟ್ಟರೆ, ಎಲ್ಲವನ್ನೂ ಸರಿಯಾಗಿ ಮಾಡಿದ ಕೆಳಗಿನ ಗದ್ದೆಯವನೂ ಎರಡು ವರ್ಷದಲ್ಲಿ ಅದೇ ಜೇಕನ್ನು ಕೀಳುತ್ತಿರುತ್ತಾನೆ.

ಬೀಜದ ಹೊಸ ತಂತ್ರಗಳು ಈ ಹರಿವಿಗೆ ಇನ್ನೊಂದು ಕವಲು ಸೇರಿಸುತ್ತಿವೆ. ಇಮಾಜೆಥಾಪೈರ್ ಹೊಡೆದರೂ ಸಾಯದ ಪೂಸಾ ಬಾಸ್ಮತಿ 1979 ಮತ್ತು 1985 ಎಂಬ ತಳಿಗಳು 2021ರಲ್ಲಿ ಬಂದವು. ಅವು ಉತ್ತರದ ಬಾಸ್ಮತಿ ಸೀಮೆಗೆ, ಕುಲಾಂತರಿಯೂ ಅಲ್ಲ. ಆದರೆ ಕೂರಿಗೆ ಭತ್ತ ಇರುವ ಕಡೆಯೆಲ್ಲ ಕಾಡು ಭತ್ತವೂ ಬರುತ್ತದೆ. ಅದು ಭತ್ತದ ಸ್ವಂತ ರಕ್ತ, ತೆನೆ ಬಲಿಯುವ ಮೊದಲೇ ಕಾಳು ಉದುರಿಸುವ ಕಳೆ. ಅಮೆರಿಕದಲ್ಲಿ 2002ರಲ್ಲಿ ಇಂಥದೇ ಭತ್ತ ಬಂದಾಗ ಕೆಲವೇ ವರ್ಷಗಳಲ್ಲಿ ಆ ಗುಣ ಕಾಡು ಭತ್ತಕ್ಕೆ ದಾಟಿತು. ನೂರರಲ್ಲಿ ಒಂದಕ್ಕಿಂತ ಕಡಿಮೆ ಹೂ ಹೊರಗಿನ ಪರಾಗ ಪಡೆದರೂ ಸಾಕಾಯಿತು.

ಸಂಡೂರಿನ ಕಡೆ ಹೋದರೆ ಚಿತ್ರ ಬೇರೆ. ನಾರಿಹಳ್ಳದ ನೀರು ಮುಟ್ಟುವಷ್ಟು ನೆಲ ಬಿಟ್ಟರೆ ಉಳಿದದ್ದು ಮಳೆಯ ಹೊಲ. ಜೋಳ, ಶೇಂಗಾ, ಸಜ್ಜೆ ಇದ್ದಲ್ಲಿ ಮೆಕ್ಕೆಜೋಳ ಬಂದಿದೆ. ಅದಿರಿನ ಭರಾಟೆಯ ವರ್ಷಗಳಲ್ಲಿ ಹೊಲದ ಆಳು ಗಣಿಗೆ ಹೋದರು, ಎಡೆಕುಂಟೆ ಎಳೆಯುವ ಎತ್ತು ಮಾರಾಟವಾಯಿತು, ಅಟ್ರಜಿನ್ ಹೊಲಕ್ಕೆ ಬಂತು. ಆದರೂ ಎಡೆ ಹೊಡೆಯುವುದು ಇಲ್ಲಿ ಪೂರ್ತಿ ನಿಂತಿಲ್ಲ. ಬಿತ್ತಿದ ಇಪ್ಪತ್ತನೆಯ ದಿನ ಸಾಲಿನ ನಡುವೆ ಕುಂಟೆ ಹಾಯುವ ಹೊಲದಲ್ಲಿ ಅಟ್ರಜಿನ್‌ಗೆ ಉಳಿದ ಗಿಡ ಕಬ್ಬಿಣಕ್ಕೆ ಸಿಕ್ಕು ಸಾಯುತ್ತದೆ. ಕಬ್ಬಿಣದ ಕುಡಕ್ಕೆ ನಿರೋಧಶಕ್ತಿ ಪಡೆದ ಕಳೆ ಎಲ್ಲೂ ಇಲ್ಲ. ಸಂಡೂರಿನ ಹೊಲ ಕಂಪ್ಲಿಯ ಗದ್ದೆಗೆ ಹೇಳಿಕೊಡಬಹುದಾದದ್ದು ಇದು.

ಬದುಗಳ ಮೇಲೂ ಬಾಳೆತೋಟಗಳಲ್ಲೂ ಗ್ಲೈಫೋಸೇಟ್ ಬಳಕೆ ಇನ್ನೊಂದು ಕಥೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ತರಬೇತಿ ಪಡೆದ ಕೀಟನಿಯಂತ್ರಣ ನಿರ್ವಾಹಕರೇ ಹೊಡೆಯಬೇಕೆಂದು ನಿರ್ಬಂಧಿಸಿತು. ಬದುವಿನ ಮೇಲಿನ ಪಾರ್ಥೇನಿಯಂ ಕೊಲಂಬಿಯಾದಲ್ಲಿ 2004ರಲ್ಲೇ ಗ್ಲೈಫೋಸೇಟಿಗೆ ಸಾಯದಾಗಿದೆ. ಈ ಗಿಡದ ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಪಾರ್ಥೇನಿಯಂ ಜರಡಿಯಂತಾಗಿರುವುದನ್ನು ಕಂಡರೆ ಅದರ ಕೆಲಸವೆಂದು ತಿಳಿಯಬಹುದು.

ಮುಂದೇನು ಎಂಬುದರಲ್ಲಿ ವಿಜ್ಞಾನಿಗಳಲ್ಲೂ ಒಮ್ಮತವಿಲ್ಲ. ವರ್ಷಕ್ಕೊಂದು ಗುಂಪು ಬದಲಿಸಿ ಎಂದು ಬಹುಕಾಲ ಹೇಳುತ್ತಿದ್ದರು. ಅಮೆರಿಕದ ಇಲಿನಾಯ್ ರಾಜ್ಯದ ಹೊಲಗಳ ದಾಖಲೆ ಹಿಡಿದು 2016ರಲ್ಲಿ ಬಂದ ಅಧ್ಯಯನ, ಬದಲಿಸುವುದಕ್ಕಿಂತ ಎರಡು ಗುಂಪುಗಳನ್ನು ಒಟ್ಟಿಗೆ ಬೆರೆಸಿ ಹೊಡೆಯುವುದು ನಿರೋಧವನ್ನು ಹೆಚ್ಚು ತಡೆಯುತ್ತದೆ ಎಂದಿತು. ಎರಡನ್ನೂ ತಾಳುವ ಗಿಡ ಆಕಸ್ಮಿಕವಾಗಿ ಹುಟ್ಟುವುದು ಬಹು ಅಪರೂಪ, ಹಾಗಾಗಿ ತರ್ಕ ಸರಿ. ಆದರೆ ವಿಷ ಜೀರ್ಣಿಸುವ ಬಗೆಯ ಕಳೆಗೆ ಈ ತರ್ಕ ಸಾಲದು. ಅಂಗಡಿಯವರೇ ಬೆರೆಸಿ ಮಾರುವ ಜೋಡಿಗಳಲ್ಲಿ ಎರಡೂ ಒಂದೇ ಗುಂಪಿನವಾಗಿದ್ದರೆ ಬೆರೆಸಿಯೂ ಪ್ರಯೋಜನವಿಲ್ಲ. ಹೊಸ ಗುಂಪಿನ ಔಷಧಿ ಬರುತ್ತದೆ ಎಂದು ಕಾಯುವಂತೆಯೂ ಇಲ್ಲ. 1980ರ ದಶಕದ ಈಚೆ ಮೂರು ದಶಕ ಅಂಥದ್ದು ಒಂದೂ ಮಾರುಕಟ್ಟೆಗೆ ಬರಲಿಲ್ಲ, ಈಗಷ್ಟೇ ಒಂದೆರಡು ಬರುತ್ತಿವೆ.

ನನ್ನ ಅಭಿಪ್ರಾಯ ನೇರವಾಗಿದೆ. ಎಣ್ಣೆಯ ಮೇಲೆ ಇರುವ ಕೆಲಸದ ಹೊರೆಯನ್ನು ಇಳಿಸಬೇಕು. ಬಿತ್ತುವ ಮೊದಲು ಒಂದು ನೀರು ಕೊಟ್ಟು, ಕಳೆ ಮೊಳೆಸಿ, ಕುಂಟೆ ಹೊಡೆದು ಆಮೇಲೆ ಕೂರಿಗೆ ಹೂಡಿದರೆ ಮೇಲ್ಪದರದ ಬೀಜ ಅರ್ಧಕ್ಕರ್ಧ ಖರ್ಚಾಗುತ್ತದೆ. ಮೂರು ನಾಲ್ಕು ಬೆಳೆಗೊಮ್ಮೆ ನಾಟಿಗೆ ಮರಳಿ ನೀರು ನಿಲ್ಲಿಸಬೇಕು. ಎರಡನೆಯ ಬೆಳೆಗೆ ನೀರು ಬಾರದ ವರ್ಷವನ್ನು ಶಾಪವೆಂದು ಮಾತ್ರ ನೋಡದೆ ಕಡಲೆಗೋ ಸೆಣಬಿನ ಹಸಿರೆಲೆ ಗೊಬ್ಬರಕ್ಕೋ ಬಳಸಿಕೊಂಡರೆ ಗದ್ದೆಯ ಜೇಕಿಗೆ ಅದು ಉಪವಾಸದ ವರ್ಷ. ಕೊಯ್ಲಿನ ಯಂತ್ರವನ್ನು ಗದ್ದೆಗಿಳಿಸುವ ಮೊದಲು ಹತ್ತು ನಿಮಿಷ ಗಾಳಿ ಊದಿಸಿ, ಕೊಡವಿಸಬೇಕು. ಬಾಡಿಗೆಯ ಕರಾರಿನಲ್ಲೇ ಅದನ್ನು ಸೇರಿಸಬೇಕು.

ಪರೀಕ್ಷೆಗೆ ಪ್ರಯೋಗಾಲಯಕ್ಕೆ ಕಾಯಬೇಕಾಗಿಲ್ಲ. ಗಂಗಾವತಿ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಗಳು ಹತ್ತಿರವೇ ಇವೆ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇದೆ. ಆದರೆ ಮೊದಲ ಹೆಜ್ಜೆ ಮನೆಯಂಗಳದಲ್ಲೇ ಇಡಬಹುದು. ಉಳಿದ ಗಿಡದ ಬೀಜ ಒಂದು ಚೀಟಿಯಲ್ಲಿ, ಎಣ್ಣೆ ಕಾಣದ ಕೆರೆಯಂಗಳದ ಅದೇ ಜಾತಿಯ ಬೀಜ ಇನ್ನೊಂದರಲ್ಲಿ. ಎರಡನ್ನೂ ಬೇರೆ ಬೇರೆ ಕುಂಡಗಳಲ್ಲಿ ಮೊಳೆಸಿ, ಮೂರೆಲೆಯಾದಾಗ ಡಬ್ಬದ ಮೇಲಿನ ಪ್ರಮಾಣ ಅಳೆದು ಒಂದೇ ದಿನ ಹೊಡೆಯಬೇಕು. ಇಪ್ಪತ್ತೊಂದು ದಿನ ಕಾಯಬೇಕು. ನಾನು ಕಂಪ್ಲಿಯ ಜೇಕಿನ ತೆನೆಯನ್ನೂ ಕಮಲಾಪುರ ಕೆರೆಯಂಚಿನ ತೆನೆಯನ್ನೂ ಕಾಗದದಲ್ಲಿ ಕಟ್ಟಿ ಇಟ್ಟಿದ್ದೇನೆ. ಬೀಜ ಸುಪ್ತಾವಸ್ಥೆ ಕಳೆದು ಮೊಳೆಯಲು ಕಾಲ ಬೇಕು, ಈ ಬೇಸಿಗೆಗೆ ಬಿತ್ತುತ್ತೇನೆ.

ಆ ದಿನ ಬದುವಿನಿಂದ ಏಳುವ ಹೊತ್ತಿಗೆ ಕಸ ಕೀಳುವವರು ಮಡಿಯ ಆ ತುದಿ ಮುಟ್ಟಿದ್ದರು. ಕಿತ್ತ ಜೇಕನ್ನು ರೂಢಿಯಂತೆ ಬದುವಿನ ಮೇಲೆ ಗುಡ್ಡೆ ಹಾಕುತ್ತಿದ್ದರು. ಕಿತ್ತ ಮೇಲೂ ತಲೆಯಲ್ಲಿನ ಕಾಯಿ ಬಲಿಯುತ್ತದೆ, ಮೊದಲ ಮಳೆಗೆ ಮತ್ತೆ ಗದ್ದೆಗೇ ಇಳಿಯುತ್ತದೆ ಎಂದು ಆ ಹೆಣ್ಣುಮಗಳಿಗೆ ಹೇಳಿದೆ. ಆಕೆ ಒಂದು ಕ್ಷಣ ಗುಡ್ಡೆಯನ್ನು ನೋಡಿ, ಗೊಬ್ಬರದ ಖಾಲಿ ಚೀಲವೊಂದನ್ನು ಕೊಡವಿ ತಂದಳು. ಬಾಯಗಲಿಸಿ ಹಿಡಿಯಲು ನನ್ನ ಕೈಗೆ ಕೊಟ್ಟು, ಎರಡೂ ಕೈಯಿಂದ ಬಾಚಿ ತುಂಬತೊಡಗಿದಳು. ನಾಲ್ಕು ಚೀಲವಾಯಿತು.